ರಟ್ಟಿನ ಕೋಣೆಯ ಚಿಲಕ

ಗುಬ್ಬಿಗೆ ‘ಬೇಡ’ ಅನ್ನಲು ಬರುತ್ತಿರಲಿಲ್ಲ.

ಇಪ್ಪತ್ತೆರಡು ತುಂಬಿದ ಹೆಣ್ಣು. ಬುದ್ಧಿ ಬೆಳೆಯುವುದು ನಿಧಾನ ಎಂದು ಡಾಕ್ಟರು ಹುಟ್ಟಿದ ವರ್ಷವೇ ಹೇಳಿದ್ದರು. ಬಾಯಲ್ಲಿದ್ದದ್ದು ಕೈಬೆರಳೆಣಿಕೆಯ ಮಾತು. ಹಾಲು, ಬಸ್ಸು, ಅಮ್ಮ, ನಾಯಿ, ನೋವು, ಕೊಡು. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ‘ಹೂಂ’. ಕೂತ್ಕೋ ಅಂದರೆ ಹೂಂ. ಏಳು ಅಂದರೆ ಹೂಂ. ಕೈ ಎತ್ತು, ಬಾಯಿ ತೆಗಿ, ಆ ಕಡೆ ತಿರುಗು. ಹೂಂ, ಹೂಂ, ಹೂಂ. ನೋಡಿದವರೆಲ್ಲ ಹೊಗಳುವವರೇ. “ಎಷ್ಟು ಒಳ್ಳೆ ಹುಡುಗಿ! ಹೇಳಿದ ಮಾತು ತೆಗೆದುಹಾಕಲ್ಲ.” ಅದನ್ನು ಕೇಳಿದಾಗ ತಾಯಿಯ ಎದೆ ತುಂಬುತ್ತಿತ್ತು. ಬೇರೆ ಯಾವುದಕ್ಕೂ ಯಾರೂ ಆ ಹುಡುಗಿಯನ್ನು ಹೊಗಳಿದವರಲ್ಲ.

ಗುಬ್ಬಿಯ ಅಪ್ಪ, ಮಗಳ ವಿಷಯ ತಿಳಿದ ಮೇಲೆ ಬೇರೆ ಊರಲ್ಲಿ ಕೆಲಸ ಹುಡುಕಿಕೊಂಡು ಬರುತ್ತೇನೆಂದು ಹೋದವನು. ಇನ್ನೂ ಹುಡುಕುತ್ತಿದ್ದಾನೆ.

ತಾಯಿ ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳು. ಬ್ಲೀಚಿಂಗ್ ನೀರಿನಲ್ಲಿ ಅದ್ದಿ ಅದ್ದಿ ಅವಳ ಕೈ ಮೊಣಕೈವರೆಗೆ ಬಿಳಿಚಿಹೋಗಿತ್ತು. ಅದಕ್ಕೇ ಬಿಳಿಯಕ್ಕ ಎಂದು ಹೆಸರಾಯಿತು. ರಕ್ತ, ಕೀವು, ವಾಂತಿ, ಉಚ್ಚೆ, ಎಲ್ಲವೂ ಆ ಕೈ ದಾಟಿಯೇ ಬಿಳುಪಾಗಬೇಕು. ನೆನೆದ ಹಾಸುಬಟ್ಟೆ ಹೆಣದಷ್ಟು ಭಾರ. ಇಬ್ಬರು ಎದುರುಬದುರು ನಿಂತು ಹಿಂಡಬೇಕು. ಸಂಜೆಗೆ ಸೊಂಟ ನೆಟ್ಟಗೆ ನಿಲ್ಲುತ್ತಿರಲಿಲ್ಲ.

ಅಲ್ಲಿ ಕೆಲಸಕ್ಕೆ ಸೇರಿದವರಿಗೆ ಮೊದಲು ಕಲಿಸುವುದು ಒಂದೇ. ಬಂದ ಬಟ್ಟೆಯನ್ನು ಒದರದೆ ಕೊಪ್ಪರಿಗೆಗೆ ಹಾಕಬಾರದು. ಮಡಿಕೆಯಲ್ಲಿ ಸೂಜಿ ಇರುತ್ತದೆ, ಬ್ಲೇಡು ಇರುತ್ತದೆ. ಎಷ್ಟು ನಯವಾದ ಮಡಿಕೆಯಾದರೂ ಒದರಬೇಕು. ಒಮ್ಮೆ ಒದರದೆ ಹಾಕಿದ್ದರ ಗುರುತು ಬಿಳಿಯಕ್ಕನ ಹೆಬ್ಬೆರಳ ಬುಡದಲ್ಲಿ ಇನ್ನೂ ಇತ್ತು.

ಹಗಲು ಗುಬ್ಬಿ ಇರುತ್ತಿದ್ದದ್ದು ಅವಳಂಥವರಿಗಾಗಿ ಇದ್ದ ಕೇಂದ್ರದಲ್ಲಿ. ಬೆಳಗ್ಗೆ ವ್ಯಾನು ಬಂದು ಕರೆದೊಯ್ಯುತ್ತಿತ್ತು, ಸಂಜೆ ತಂದು ಬಿಡುತ್ತಿತ್ತು. ಅಲ್ಲಿ ರಟ್ಟಿನ ಹಾಳೆ ಮಡಿಸಿ ಔಷಧಿಯ ಡಬ್ಬಿ ಮಾಡುವ ಕೆಲಸ. ಗುಬ್ಬಿಯ ಡಬ್ಬಿಯ ಮೂಲೆಗಳು ಚಾಕುವಿನ ಹಾಗೆ ಇರುತ್ತಿದ್ದವು. ಕೇಂದ್ರಕ್ಕೆ ಅದರದೇ ಒಂದು ಪದ್ಧತಿ ಇತ್ತು. ಹೇಳಿದ್ದು ಕೇಳಿದವರಿಗೆ ಕಿಟಕಿ ಪಕ್ಕದ ಬೆಂಚು. ಆಗಲ್ಲ, ಬೇಡ, ಒಲ್ಲೆ ಅಂದವರಿಗೆ ಗೋಡೆಗೆ ಮುಖಮಾಡಿಟ್ಟ ಕುರ್ಚಿ. ಉಳಿದವರು ಚಹಾ ಕುಡಿದು ಮುಗಿಸುವವರೆಗೆ ಅಲ್ಲೇ ಗೋಡೆ ನೋಡುತ್ತ ಕೂರಬೇಕು. ಗುಬ್ಬಿಗೆ ಯಾವಾಗಲೂ ಕಿಟಕಿಯ ಬೆಂಚೇ.

ಒಂದು ಸಂಜೆ ತಲೆ ಬಾಚಲು ಬಿಳಿಯಕ್ಕ ಬಾಚಣಿಗೆ ಎತ್ತಿದಳು. ಗುಬ್ಬಿ ಕಣ್ಣು ಮುಚ್ಚಿದಳು. ಎರಡೂ ಕೈ ಮೇಲೆತ್ತಿ ಹಾಗೇ ನಿಂತುಬಿಟ್ಟಳು. ಅಂಗಡಿಯ ಗಾಜಿನ ಹಿಂದೆ ನಿಲ್ಲಿಸಿದ ಬೊಂಬೆಯ ಹಾಗೆ. ತುಟಿ ಮಾತ್ರ ಅಲ್ಲಾಡುತ್ತಿತ್ತು.

“ಗುಬ್ಬಿ ಒಳ್ಳೇದು. ಗುಬ್ಬಿ ಹೇಳಲ್ಲ. ಹೇಳಲ್ಲ.”

‘ಹೇಳಲ್ಲ’ ಅನ್ನುವ ಮಾತು ಆ ಮನೆಯದಲ್ಲ. ಯಾರೋ ಕೊಟ್ಟು ಕಳಿಸಿದ್ದು.

“ಏನು ಹೇಳಲ್ಲ, ಪುಟ್ಟಾ?”

ಗುಬ್ಬಿ ತುಟಿಯ ಮೇಲೆ ಬೆರಳಿಟ್ಟಳು. ಅಂಗಿಯ ತೋಳು ಜಾರಿತು. ಮೇಲ್ದೋಳಿನ ಒಳಮೈಯಲ್ಲಿ ಹೆಬ್ಬೆರಳಗಲದ ನೀಲಿ. ಅದರ ಹಿಂದುಗಡೆ ನಾಲ್ಕು ಬೆರಳಿನ ಸಾಲು.

ಬಿಳಿಯಕ್ಕ ಆ ಬೆರಳುಗಳನ್ನು ಎಣಿಸಿದಳು. ಬಾಚಣಿಗೆ ಕೆಳಗಿಟ್ಟಳು. ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಯಾರು ಮಾಡಿದ್ದು? ವ್ಯಾನಿನ ಡ್ರೈವರಾ?”

“ಹೂಂ.”

“ಕೇಂದ್ರದ ದೊಡ್ಡ ಮೇಡಮ್ಮಾ?”

“ಹೂಂ.”

ಬಿಳಿಯಕ್ಕ ತನ್ನ ಎದೆ ಮುಟ್ಟಿ ತೋರಿಸಿದಳು. “ನಾನಾ?”

“ಹೂಂ,” ಅಂದಳು ಗುಬ್ಬಿ. ಒಳ್ಳೆ ಹುಡುಗಿ.

*

ಮರುದಿನ ಮಗಳನ್ನು ಕೇಂದ್ರಕ್ಕೆ ಕಳಿಸಲಿಲ್ಲ. ಆಸ್ಪತ್ರೆಗೇ ಕರೆದೊಯ್ದು, ಇಸ್ತ್ರಿ ಕೋಣೆಯಲ್ಲಿ ಮಡಿಸಿದ ಬಟ್ಟೆಯ ಗಂಟುಗಳ ನಡುವೆ ಕೂರಿಸಿ, ತಾನೊಬ್ಬಳೇ ಕೇಂದ್ರಕ್ಕೆ ಹೋದಳು.

ಕೇಂದ್ರ ನಡೆಸುವ ದೊಡ್ಡ ಮೇಡಂ ಎದ್ದು ಬಂದು ಭುಜ ಸವರಿದರು. ಡಬ್ಬಿ ಕೆಲಸ ಕಲಿಸುವ ಮೇಷ್ಟ್ರು ಕುರ್ಚಿ ಎಳೆದು ಕೊಟ್ಟ. ಅವನನ್ನು ಅಲ್ಲಿ ಎಲ್ಲರೂ ಮಾಮ ಅನ್ನುತ್ತಿದ್ದರು. ಮೆತ್ತಗಿನ ದನಿ, ಇಸ್ತ್ರಿ ಮಾಡಿದ ಅಂಗಿ. ನೀರು ತಂದಿಟ್ಟ. “ಸೊಂಟನೋವು ಹೇಗಿದೆ ಅಕ್ಕಾ?” ಎಂದು ಕೇಳಿದ. ಹೋದ ಸಲ ಬಂದಾಗ ನೋವಿಗೆ ಹಚ್ಚಲು ಮುಲಾಮು ಕೊಟ್ಟವನೂ ಅವನೇ.

“ನೋಡಿ ತಾಯಿ,” ಅಂದರು ದೊಡ್ಡ ಮೇಡಂ, “ಇಂಥ ಮಕ್ಕಳು ಅಲ್ಲಿ ಇಲ್ಲಿ ತಾಗಿಸ್ಕೊಳ್ತಾರೆ. ಏನೇನೋ ಅಂತಾರೆ. ನೀವೇ ಕೇಳಿದ್ರೆ ನಿಮ್ಮ ಹೆಸರನ್ನೇ ಹೇಳಿಬಿಡ್ತಾರೆ.”

“ಹೇಳಿದ್ಲು,” ಅಂದಳು ಬಿಳಿಯಕ್ಕ.

“ನೋಡಿದ್ರಾ!” ಮೇಡಂ ನಕ್ಕರು. “ಇಲ್ಲಿ ನಾವೆಲ್ಲ ಒಂದೇ ಮನೆಯವರ ಥರ. ಸುಮ್ಮನೆ ಮನಸ್ಸಿಗೆ ಹುಳ ಬಿಟ್ಕೋಬೇಡಿ.”

ಹೊರಗೆ ಬಂದಾಗ ಡ್ರೈವರು ವ್ಯಾನಿನ ಚಕ್ರಕ್ಕೆ ಒರಗಿ ಬೀಡಿ ಸೇದುತ್ತಿದ್ದ. “ಗುಬ್ಬಿ ಯಾಕೆ ಬಂದಿಲ್ಲ? ಪೆಪ್ಪರಮೆಂಟು ಹಾಗೇ ಇದೆ,” ಅಂದ. ಬಿಳಿಯಕ್ಕ ಅವನ ಕೈ ನೋಡಿದಳು. ಹೆಬ್ಬೆರಳು ದಪ್ಪಗಿತ್ತು. ಕಪ್ಪು ಹಲ್ಲು, ಕೆಂಪು ಕಣ್ಣು. ದಿನಾ ಬೆಳಗ್ಗೆ ಒಂದು ಪೆಪ್ಪರಮೆಂಟು. ಯಾಕೆ? ಯಾರ ಮಗಳಿಗೆ ಯಾರು ಸುಮ್ಮನೆ ಸಿಹಿ ಕೊಡುತ್ತಾರೆ? ಇವನೇ ಇರಬೇಕು ಅಂದುಕೊಂಡಳು.

ಅಂದಿನಿಂದ ಅವಳು ಜಗತ್ತಿನ ಒಂದೊಂದು ಒಳ್ಳೆಯತನವನ್ನೂ ಹಾಸುಬಟ್ಟೆಯ ಹಾಗೆ ಎತ್ತಿ ಒದರತೊಡಗಿದಳು. ಬಸ್ಸಿನಲ್ಲಿ ಗುಬ್ಬಿಗೆ ಜಾಗ ಬಿಟ್ಟ ಮುದುಕ. ಗುಬ್ಬಿಯ ಕೆನ್ನೆ ಹಿಂಡುವ ಹಾಲಿನವನು. ಬರುವಾಗೆಲ್ಲ “ಪಾಪ” ಅನ್ನುವ ಪಕ್ಕದ ಮನೆಯಾಕೆ. ಯಾವುದರಲ್ಲಿ ಸೂಜಿ? ಮುಲಾಮಿನ ಡಬ್ಬಿ ಗೂಡಿನಲ್ಲೇ ಇತ್ತು. ಸೊಂಟ ಸಿಡಿಯುತ್ತಿದ್ದರೂ ಅವಳು ಅದನ್ನು ಮುಟ್ಟಲಿಲ್ಲ.

ಇಸ್ತ್ರಿ ಕೋಣೆಯಲ್ಲಿ ಇದ್ದವಳು ಇಸ್ತ್ರಿಯಜ್ಜಿ. ಕೆಲಸ ಬಿಡು ಎಂದು ಬಟ್ಟೆ ಒಗೆಸುವ ಮೇಸ್ತ್ರಿ ವರ್ಷವರ್ಷವೂ ಹೇಳುತ್ತಿದ್ದ. ಅಜ್ಜಿಗೆ ಆ ಮಾತಿಗೆ ಮಾತ್ರ ಕಿವಿ ಕೇಳುತ್ತಿರಲಿಲ್ಲ. ಅವಳು ಗುಬ್ಬಿಗೆ ಬಿಸಿ ಆರಿದ ದಿಂಬಿನ ಚೀಲಗಳನ್ನು ಕೊಟ್ಟು ಮಡಿಸಲು ಹಚ್ಚಿದ್ದಳು. ಗುಬ್ಬಿಗೆ ನೆರಳಾಗಲೆಂದು ತಾನು ಕಿಟಕಿಯ ಬಿಸಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ನೀಲಿ ಗುರುತನ್ನು ನೋಡಿ ಹೆರಿಗೆ ವಾರ್ಡಿನ ಸಿಸ್ಟರನ್ನು ಕರೆತಂದವಳೂ ಅವಳೇ.

ಸಿಸ್ಟರ್ ಬಾಗಿಲು ಮುಚ್ಚಲಿಲ್ಲ. ಪರದೆ ಮಾತ್ರ ಎಳೆದರು. ತೋಳನ್ನು ಮುಟ್ಟುವ ಮೊದಲು “ನೋಡಲಾ?” ಎಂದು ಗುಬ್ಬಿಯನ್ನೇ ಕೇಳಿದರು. ಗುಬ್ಬಿ ಹೂಂ ಅಂದಳು. ನೋಡಿ ಮುಗಿಸಿ ಸಿಸ್ಟರ್ ಬಿಳಿಯಕ್ಕನ ಕಡೆ ತಿರುಗಿದರು.

“ಡಾಕ್ಟರಮ್ಮ ಸರಿಯಾಗಿ ಪರೀಕ್ಷೆ ಮಾಡ್ಲಿ, ನಾನು ಜೊತೇಲಿರ್ತೀನಿ. ಪೊಲೀಸಿಗೂ ಬರ್ತೀನಿ. ಆದ್ರೆ ಯಾರು ಅಂತ ಕೇಳ್ತಾರಲ್ಲ.”

“ಎಲ್ಲದಕ್ಕೂ ಹೂಂ ಅಂತಾಳೆ ಸಿಸ್ಟರ್.”

“ಬೇಡ ಅನ್ನೋದು ಕಲಿಸಿದೀರಾ?”

“ಇಲ್ಲ.”

“ಮೈಯ ಭಾಗಗಳ ಹೆಸರು?”

“ಕಣ್ಣು, ಮೂಗು, ಕೈ, ಕಾಲು…”

“ಉಳಿದವು?”

ಬಿಳಿಯಕ್ಕ ನೆಲ ನೋಡಿದಳು. ಉಳಿದವಕ್ಕೆ ಆ ಮನೆಯಲ್ಲಿ ‘ಛೀ’ ಎಂಬುದೊಂದೇ ಹೆಸರು.

“ಹೆಸರಿಲ್ಲದ ಜಾಗದಲ್ಲಿ ಏನಾಯ್ತು ಅಂತ ಹೇಗೆ ಹೇಳ್ತಾಳೆ?” ಸಿಸ್ಟರ್ ದನಿಯಲ್ಲಿ ಬೈಗುಳವಿರಲಿಲ್ಲ. “ಮುಚ್ಚುಮರೆ ಇಲ್ಲದೆ ಕಲಿಸಿ. ಬೇಡ ಅನ್ನೋದನ್ನೂ ಕಲಿಸಿ. ಅವಳು ಬೇಡ ಅಂದಾಗ ನೀವೂ ಕೇಳ್ಬೇಕು. ಅದೇ ಕಷ್ಟ.”

ಡಾಕ್ಟರಮ್ಮ ಬರೆದುಕೊಟ್ಟರು. ಪೊಲೀಸ್ ಠಾಣೆಯಲ್ಲಿ ಒಬ್ಬ ಅದನ್ನು ಓದಿ, ಗುಬ್ಬಿಯನ್ನು ನೋಡಿ, “ಯಾರಮ್ಮಾ ಮಾಡಿದ್ದು? ಈ ಸಿಸ್ಟರಾ?” ಅಂದ. ಗುಬ್ಬಿ ಹೂಂ ಅಂದಳು. ಅವನು ಕಾಗದವನ್ನು ಮೇಜಿನ ಮೇಲೆ ಸರಿಸಿದ. “ಗೊತ್ತಾದ್ಮೇಲೆ ಬನ್ನಿ.” ಸಿಸ್ಟರ್ ಕೂಗಾಡಿದರು. ಅವನು ಫ್ಯಾನು ಜೋರು ಮಾಡಿದ.

*

“ಬೇಡ ಅನ್ನೋದಕ್ಕೂ ತರಬೇತಿನಾ!” ಅಂದಳು ಇಸ್ತ್ರಿಯಜ್ಜಿ. “ನಾನು ಮದುವೆಯಾದ ದಿನದಿಂದ ನಮ್ಮನೆಯವರಿಗೆ ಹೇಳಿದ್ದು ಅದೊಂದೇ.” ಸಂಜೆ ಅವಳೂ ಬಿಳಿಯಕ್ಕನ ಮನೆಗೆ ಬಂದಳು.

ಬಿಳಿಯಕ್ಕ ಒಂದು ಒದ್ದೆ ಕಾಲುಚೀಲ ಹಿಡಿದು ಮಗಳ ಮುಂದೆ ಕೂತಳು. ಯಾರಾದರೂ ಬೇಡ ಅನ್ನಲೇಬೇಕಾದ ವಸ್ತು ಅದು.

“ಗುಬ್ಬಿ, ತಿನ್ನು.”

“ಹೂಂ,” ಅಂದು ಗುಬ್ಬಿ ಬಾಯಿ ತೆರೆದಳು.

ದೊಡ್ಡದಾಗಿ ತೆರೆದಳು. ಕಣ್ಣು ಮುಚ್ಚಿಕೊಂಡು, ನಾಲಿಗೆ ಹೊರಚಾಚಿ, ಕಾದಳು. ಕೊಳಕು ನೀರು ಕಾಲುಚೀಲದಿಂದ ತೊಟ್ಟಿಕ್ಕುತ್ತಿತ್ತು. ಬಿಳಿಯಕ್ಕನಿಗೆ ಕೈ ಹಿಂದಕ್ಕೆ ತೆಗೆಯಲೂ ಆಗಲಿಲ್ಲ. ಇಸ್ತ್ರಿಯಜ್ಜಿ ಬಂದು ಕಿತ್ತುಕೊಂಡಳು.

“ಅಳೋದು ಆಮೇಲೆ,” ಅಂದಳು ಅಜ್ಜಿ. “ನನಗೆ ತಿನ್ನಿಸು.”

“ಅಜ್ಜೀ…”

“ತಿನ್ನಿಸೇ!”

ಬಿಳಿಯಕ್ಕ ಕಾಲುಚೀಲವನ್ನು ಅಜ್ಜಿಯ ಮುಖದ ಹತ್ತಿರ ಹಿಡಿದಳು. ಅಜ್ಜಿ ಎರಡೂ ಅಂಗೈ ಮುಂದೆ ಚಾಚಿ ಊರಿಗೆ ಕೇಳುವ ಹಾಗೆ ಕಿರುಚಿದಳು. “ಬೇಡ!” ಕಾಲುಚೀಲ ಹಾರಿ ಗೋಡೆಗೆ ಬಡಿದು ಪಚಕ್ಕನೆ ಬಿತ್ತು. ಗುಬ್ಬಿ ಕಣ್ಣರಳಿಸಿದಳು. ಆಮೇಲೆ ನಕ್ಕಳು. ಎಷ್ಟೋ ದಿನದ ಮೇಲೆ. “ಕೊಡು,” ಅಂದಳು. ತನ್ನ ಸರದಿ.

ಬಿಳಿಯಕ್ಕ ಹಿಡಿದಳು. ಗುಬ್ಬಿ ಕೈ ಚಾಚಿದಳು. “ಬೇಯ,” ಅಂದಳು ಮೊದಲು. ಮತ್ತೊಮ್ಮೆ. ಮಗದೊಮ್ಮೆ. “ಬೇಡ.” ಕಾಲುಚೀಲ ಗೋಡೆಗೆ ಬಡಿಯಿತು. ಅವತ್ತು ಆ ಗೋಡೆಗೆ ಬಿದ್ದ ಕಲೆ ಇವತ್ತಿಗೂ ಹೋಗಿಲ್ಲ. ಬಿಳಿಯಕ್ಕ ಹೋಗಗೊಟ್ಟಿಲ್ಲ.

ಅಲ್ಲಿಂದ ಮನೆಯಲ್ಲಿ ಫಜೀತಿ ಶುರುವಾಯಿತು. ಕೈಗೆ ಹೊಸ ಬೀಗದ ಕೈ ಸಿಕ್ಕವರು ಎಲ್ಲ ಬಾಗಿಲಿಗೂ ಹಾಕಿ ನೋಡುವ ಹಾಗೆ ಗುಬ್ಬಿ ಆ ಮಾತನ್ನು ಎಲ್ಲದಕ್ಕೂ ಹಾಕಿದಳು. ಹಾಲು ಬೇಡ. ಚಾಪೆ ಬೇಡ. ಬಾಚಣಿಗೆ ಬೇಡ. ತಲೆ ಗುಬ್ಬಿಗೂಡಾಯಿತು. ಫಿಟ್ಸ್ ಬಾರದಿರಲು ಕೊಡುವ ಮಾತ್ರೆಯೂ ಬೇಡ. ಬಿಳಿಯಕ್ಕ ಬೆವರಿದಳು. “ಇದನ್ನ ನುಂಗಲೇಬೇಕು ಪುಟ್ಟಾ. ಹಾಲಿನ ಜೊತೆನಾ, ನೀರಿನ ಜೊತೆನಾ? ಅದು ನೀನು ಹೇಳು.” ಗುಬ್ಬಿ ಬಹಳ ಹೊತ್ತು ಯೋಚಿಸಿದಳು. ಇಷ್ಟು ವರ್ಷದಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. “ನೀರು,” ಅಂದಳು.

ಸ್ನಾನದ ದಿನ ಬಂತು. ಬಿಳಿಯಕ್ಕ ಸೋಪು ಹಿಡಿದು ಒಳಗೆ ಕಾಲಿಟ್ಟಳು.

“ಬೇಡ.”

“ನಾನು ಅಮ್ಮ ಕಣೇ.”

“ಅಮ್ಮ ಬೇಡ.”

ಕೆಲಸಕ್ಕೆ ಹೊತ್ತಾಗಿತ್ತು. ನೀರು ಆರುತ್ತಿತ್ತು. ಹುಟ್ಟಿದಾಗಿನಿಂದ ಎರೆದ ಕೈ ತನ್ನದು. “ಏಯ್, ಬಾ ಇಲ್ಲಿ,” ಎಂದು ತೋಳು ಹಿಡಿದು ಎಳೆದಳು. ಗುಬ್ಬಿ ಕಣ್ಣು ಮುಚ್ಚಿದಳು. ಎರಡೂ ಕೈ ಮೇಲೆತ್ತಿದಳು. ಬೊಂಬೆಯಾದಳು.

ಬಿಳಿಯಕ್ಕ ತನ್ನ ಕೈ ನೋಡಿದಳು. ಹೆಬ್ಬೆರಳು ಆ ನೀಲಿಯ ಮೇಲೇ ಕೂತಿತ್ತು. ಅಳತೆ ತೆಗೆದ ಹಾಗೆ.

ಬೆಂಕಿ ಮುಟ್ಟಿದಂತೆ ಕೈ ಬಿಟ್ಟಳು. ಸೋಪನ್ನು ಹೊಸ್ತಿಲಿನ ಮೇಲಿಟ್ಟು ಹೊರಗೆ ಬಂದು ಗೋಡೆಗೆ ಒರಗಿ ಕೂತಳು. “ಬೇಡ ಅಂದ್ರೆ ಬೇಡ,” ಅಂದಳು ಒಳಗಿನವಳಿಗೆ ಕೇಳುವಂತೆ. “ಸೋಪು ಅಲ್ಲಿದೆ. ನೀನೇ ಹಚ್ಕೋ. ಒಂದೊಂದರ ಹೆಸರು ಹೇಳ್ತೀನಿ, ಅಲ್ಲಲ್ಲಿ ಹಚ್ಚು.” ಕುತ್ತಿಗೆ, ಕಂಕುಳು, ಎದೆ ಎಂದು ಕೂಗಿದಳು. ಇಷ್ಟು ವರ್ಷ ನುಂಗಿದ್ದ ಹೆಸರುಗಳನ್ನೂ ಕೂಗಿದಳು. ಮೊದಮೊದಲು ನಾಲಿಗೆ ತಡೆಯಿತು. ಆಮೇಲೆ ಕೈ, ಕಾಲು ಅಂದಷ್ಟೇ ಸಲೀಸಾಯಿತು. ಒಳಗಿನಿಂದ ಒಂದೊಂದಕ್ಕೂ ಗುಬ್ಬಿಯ ಮರುದನಿ ಬರುತ್ತಿತ್ತು. ನೀರು ಸುರಿಯುವ ಸದ್ದೂ ಬಂತು.

*

ಮಗಳನ್ನು ಆಸ್ಪತ್ರೆಗೆ ತರಕೂಡದೆಂದು ಮೇಸ್ತ್ರಿ ಖಂಡಿತವಾಗಿ ಹೇಳಿದ. ಮನೆಯಲ್ಲಿ ಒಬ್ಬಳನ್ನೇ ಹಾಕಿ ಬೀಗ ಜಡಿಯಬೇಕು, ಇಲ್ಲವೇ ಆ ಕೇಂದ್ರಕ್ಕೇ ಕಳಿಸಬೇಕು. ಮೂರನೆಯ ದಾರಿ ಇರಲಿಲ್ಲ. ತಿಂಗಳ ಕೊನೆಯ ಶನಿವಾರ ಮನೆಯವರು ಕೇಂದ್ರಕ್ಕೆ ಬಂದು ಕೂರಬಹುದಿತ್ತು. ಬಿಳಿಯಕ್ಕ ರಜೆ ಹಾಕಿ ಮಗಳ ಜೊತೆಗಿದ್ದು ಆ ದಿನಕ್ಕೆ ಕಾದಳು. ಸಿಸ್ಟರಿಗೆ ಹೇಳಿ, ಮಗಳ ಜೊತೆ ವ್ಯಾನು ಹತ್ತಿದಳು.

ಡ್ರೈವರು ಪೆಪ್ಪರಮೆಂಟು ಚಾಚಿದ. ಬಿಳಿಯಕ್ಕ ಅವನ ಕೈಯನ್ನೇ ನೋಡುತ್ತಿದ್ದಳು.

“ಬೇಡ,” ಅಂದಳು ಗುಬ್ಬಿ.

“ಬೇಡ್ವಾ?” ಡ್ರೈವರು ಹುಬ್ಬೇರಿಸಿದ. “ಅಬ್ಬಾ, ಬಾಯಿ ಬಂತಾ ತಾಯಿ ನಿನಗೆ! ಸರಿ ಹಾಗಾದ್ರೆ.” ಪೆಪ್ಪರಮೆಂಟನ್ನು ತನ್ನ ಬಾಯಿಗೇ ಹಾಕಿಕೊಂಡು ಗಾಡಿ ಬಿಟ್ಟ. “ಸೋಮವಾರ ಕೇಳ್ತೀನಿ. ಸೋಮವಾರನೂ ಬೇಡ ಅಂದ್ರೆ ನಮ್ಮ ಹಲ್ಲಿಗೇ ನಷ್ಟ.”

ಬಿಳಿಯಕ್ಕನಿಗೆ ಏನೋ ಹೊಳೆದಂತಾಯಿತು. ಸೂಜಿ ಎಲ್ಲಿದೆ ಎಂದು ಇಷ್ಟು ದಿನ ಮುಖಗಳನ್ನು ನೋಡುತ್ತಿದ್ದಳು. ನೋಡಬೇಕಾದ್ದು ಮುಖವಲ್ಲ. ಬೇಡ ಅಂದ ಮೇಲೆ ಕೈ ಎಲ್ಲಿ ಹೋಗುತ್ತದೆ ಎನ್ನುವುದು.

ಡಬ್ಬಿ ಮಡಿಸುವ ಉದ್ದ ಕೋಣೆ. ಹತ್ತಾರು ಜನ ಬೆಂಚುಗಳ ಮೇಲೆ ಕೂತಿದ್ದರು. ಗೋಡೆಯ ಕಡೆ ಆ ಕುರ್ಚಿ. ಕೊನೆಯಲ್ಲಿ ರಟ್ಟು ಇಡುವ ಚಿಕ್ಕ ಕೋಣೆ. ಗುಬ್ಬಿ ಕಿಟಕಿಯ ಬೆಂಚಿಗೆ ಹೋಗಿ ಕೂತಳು. ಪಕ್ಕದಲ್ಲಿ ಜಡೆಹುಡುಗಿ, ಸದಾ ತನ್ನ ಜಡೆಯ ತುದಿ ಕಚ್ಚುವವಳು.

ಮಾಮ ಹಿಂದಿನಿಂದ ಬಂದ. “ನಮ್ಮ ಗುಬ್ಬಿ ಬಂದ್ಳು!” ಎಂದು ಕತ್ತಿನ ಹಿಂದೆ ಕೈ ಇಟ್ಟ.

“ಬೇಡ.”

ಮಾಮ ನಕ್ಕ. ಬಹಳ ಮೆತ್ತಗೆ. ಕೈ ಅಲ್ಲೇ ಇತ್ತು. “ಓಹೋ, ಬೇಡ ಅಂತೆ! ಯಾರಪ್ಪಾ ಇದನ್ನ ಕಲಿಸಿದ್ದು?”

“ಬೇಡ.”

ಕೈ ಕತ್ತಿನಿಂದ ತೋಳಿಗೆ ಇಳಿಯಿತು. ಹೆಬ್ಬೆರಳು ತನ್ನ ಜಾಗವನ್ನು ತಾನೇ ಹುಡುಕಿಕೊಂಡಿತು. “ಒಳ್ಳೆ ಹುಡುಗಿ ಹಾಗನ್ನಬಾರದು. ಬಾ, ರಟ್ಟು ತರೋಣ.”

ಜಡೆಹುಡುಗಿ ಜಡೆ ಬಿಟ್ಟು ತುಟಿಯ ಮೇಲೆ ಬೆರಳಿಟ್ಟಳು. “ಹೇಳಲ್ಲ,” ಅಂದಳು. ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಆಚೆ ಬೆಂಚಿನ ನರೆಗೂದಲ ಗಂಡಸೊಬ್ಬ ಎದ್ದು ಮೇಜಿನ ಕೆಳಗೆ ಹೋಗಿ ಕೂತ.

“ಕೈ ತೆಗಿ,” ಅಂದಳು ಬಿಳಿಯಕ್ಕ.

“ಅಕ್ಕಾ, ನೀವು…”

“ಅಕ್ಕ ಅನ್ನಬೇಡ. ಕೈ ತೆಗಿ.”

ಅವನು ತೆಗೆಯುವಷ್ಟರಲ್ಲಿ ದೊಡ್ಡ ಮೇಡಂ ಧಾವಿಸಿ ಬಂದರು. “ಏನಿದು ಗಲಾಟೆ? ಅಪ್ಪನ ಥರ ನೋಡ್ಕೊಳ್ತಾರೆ ರೀ ಅವರು.”

“ಅಪ್ಪನಾದ್ರೂ ಬೇಡ ಅಂದ್ರೆ ಕೈ ತೆಗೀಬೇಕು. ನಾನು ಹೆತ್ತವಳು, ನಾನೇ ತೆಗೆದಿದೀನಿ.”

“ಅವಳಿಗೆ ಇಲ್ಲದ ಚಾಳಿ ಕಲಿಸಿದ್ದೀರಿ ನೀವು. ಗುಬ್ಬಿ, ಏಳು. ಹೋಗಿ ಗೋಡೆ ಕುರ್ಚೀಲಿ ಕೂತ್ಕೋ.”

ಗುಬ್ಬಿ ಮೇಡಮ್ಮನ ಮುಖ ನೋಡಿದಳು. ಮುಂದಿದ್ದ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದಳು.

“ಬೇಡ.”

ಬಿಳಿಯಕ್ಕ ನಡೆದು ಹೋಗಿ ಆ ಕುರ್ಚಿಯನ್ನು ಎತ್ತಿದಳು. ನೆನೆದ ಹಾಸುಬಟ್ಟೆಗಿಂತ ಹಗುರ ಇತ್ತು. ಅದನ್ನು ರಟ್ಟಿನ ಕೋಣೆಯ ಬಾಗಿಲಿಗೆ ತಂದಿಟ್ಟಳು. ಬಾಗಿಲು ತಳ್ಳಿದಳು. ರಟ್ಟಿನ ಕಟ್ಟುಗಳ ಮೇಲೆ ಧೂಳಿತ್ತು. ನೆಲದ ಮೇಲೆ ಒಂದು ಚಾಪೆ. ಬಾಗಿಲಿನ ಒಳಮೈಯಲ್ಲಿ ಹಿತ್ತಾಳೆಯ ಚಿಲಕ. ಧೂಳಿಲ್ಲದೆ ಹೊಳೆಯುತ್ತಿದ್ದದ್ದು ಆ ಕೋಣೆಯಲ್ಲಿ ಅದೊಂದೇ.

“ಮೇಡಂ,” ಅಂದಳು, “ರಟ್ಟಿಗೆ ಒಳಗಿನಿಂದ ಹಾಕೋ ಚಿಲಕ ಯಾಕೆ?”

ಚಿಲಕವನ್ನು ಒಮ್ಮೆ ಎಳೆದು ಬಿಟ್ಟಳು.

“ಒಳಗಿರೋದು ರಟ್ಟು. ಅದು ಎದ್ದು ಬಂದು ಚಿಲಕ ಹಾಕ್ಕೊಳ್ಳುತ್ತಾ?”

ದೊಡ್ಡ ಮೇಡಂ ಮಾಮನ ಕಡೆ ನೋಡಿದರು. ಮಾಮ ಕಿಟಕಿಯ ಕಡೆ ನೋಡಿದ. ಮೇಡಂ ನಿಧಾನವಾಗಿ ಬೆಂಚಿನ ತುದಿಗೆ ಕೂತರು. “ಅದನ್ನ ಹೋದ ವರ್ಷ ಇವರೇ ಹಾಕಿಸಿದ್ರು,” ಅಂದರು. “ಇಲಿ ಕಾಟ ಅಂದಿದ್ರು.” ಹೇಳುತ್ತ ಹೇಳುತ್ತ ಅವರ ದನಿಯೇ ಅವರಿಗೆ ಕೇಳಿಸಿದಂತೆ ಕಂಡಿತು.

ಬಿಳಿಯಕ್ಕ ಕುರ್ಚಿಯನ್ನು ಕೋಣೆಯ ಕಡೆಗೆ ಬೆನ್ನು ಮಾಡಿ ಇಟ್ಟು ಅದರ ಮೇಲೆ ಕೂತಳು. ಫೋನು ತೆಗೆದು ಸಿಸ್ಟರಿಗೆ ಹೇಳಿದಳು. “ಯಾರು ಅಂತ ಗೊತ್ತಾಯ್ತು. ಬನ್ನಿ.” ಮಾಮ ಹೊರಬಾಗಿಲಿನ ಕಡೆ ಹೊರಟ. ಅಲ್ಲಿ ಡ್ರೈವರು ಬೀಡಿ ಆರಿಸಿ ಅಡ್ಡ ನಿಂತಿದ್ದ. “ವ್ಯಾನು ಕೆಟ್ಟಿದೆ ಸಾರ್,” ಅಂದ. “ಕೂತ್ಕೊಳ್ಳಿ.”

*

ಸಿಸ್ಟರ್ ಜೊತೆ ಈ ಸಲ ಬಂದವಳು ಬೇರೆ ಪೊಲೀಸು, ಹೆಣ್ಣುಮಗಳು. ಟೋಪಿ ತೆಗೆದು ನೆಲದ ಮೇಲೆ ಗುಬ್ಬಿಯ ಎದುರು ಕೂತಳು. “ಕೈ ಹಿಡ್ಕೊಳ್ಳಲಾ?” ಅಂದಳು.

“ಬೇಡ.”

“ಆಯ್ತು.” ಪೊಲೀಸಿನವಳು ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಬಿಳಿಯಕ್ಕ ಆ ಕೈಯನ್ನು ನೋಡಿದಳು. ಅದು ಅಲ್ಲೇ ಇತ್ತು.

“ಅವಳಿಗೆ ‘ಅಲ್ಲ’ ಅನ್ನೋದಕ್ಕೂ ಬೇಡ ಅಂತಲೇ ಬರೋದು,” ಅಂದಳು ಬಿಳಿಯಕ್ಕ.

“ನೋವು ಮಾಡಿದ್ದು ಡ್ರೈವರಾ?”

ಗುಬ್ಬಿ ನಕ್ಕಳು. “ಬೇಡ.”

“ಅಮ್ಮನಾ?”

“ಬೇಡ.”

“ಸಿಸ್ಟರಾ? ಮೇಡಮ್ಮಾ?”

“ಬೇಡ. ಬೇಡ.”

“ಮಾಮನಾ?”

ಗುಬ್ಬಿ ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ಬೆರಳು ತೆಗೆದಳು.

“ಹೂಂ.”

ಎಲ್ಲಿ ಎಂದಾಗ ಒಂದೊಂದರ ಹೆಸರು ಹೇಳಿದಳು. ಸ್ನಾನದ ಮನೆಯಲ್ಲಿ ಕಲಿತ ಹೆಸರುಗಳು. ತೊದಲಲಿಲ್ಲ. ಬಿಳಿಯಕ್ಕ ಗೋಡೆ ಹಿಡಿದು ನಿಂತಿದ್ದಳು. ಕಿವಿ ಮುಚ್ಚಿಕೊಳ್ಳಲಿಲ್ಲ.

ಅವನನ್ನು ಜೀಪಿಗೆ ಹತ್ತಿಸಿದಾಗ ಅಂಗಿಯ ಇಸ್ತ್ರಿ ಇನ್ನೂ ಮುರಿದಿರಲಿಲ್ಲ.

ಮುಂದಿನ ವಾರ ಕೇಂದ್ರದ ಬಾಗಿಲು ಹಾಕಿದ್ದರು. ವಿಚಾರಣೆ ಮುಗಿಯುವವರೆಗೆ ಅಂತೆ. ಜಡೆಹುಡುಗಿಯ ಅಪ್ಪ ಆಸ್ಪತ್ರೆಯ ಗೇಟಿಗೇ ಬಂದು ಕೂಗಿದ. “ಇದ್ದದ್ದೊಂದು ಜಾಗ! ಅದನ್ನೂ ಮುಚ್ಚಿಸಿದ್ಯಲ್ಲ! ನಮ್ಮ ಮಕ್ಕಳನ್ನ ಎಲ್ಲಿ ಬಿಡೋದು?”

“ನಿಮ್ಮ ಮಗಳ ತೋಳು ನೋಡಿದೀರಾ?” ಅಂದಳು ಬಿಳಿಯಕ್ಕ.

“ತೋಳಾ?” ಅಂದ ಅವನು.

“ಹೋಗಿ ನೋಡಿ. ಮೊದಲು ಅವಳನ್ನ ಕೇಳಿ ನೋಡಿ. ಜಾಗ ತೆಗೆಸೋದಕ್ಕೆ ಆಮೇಲೆ ಬನ್ನಿ, ನಾನೂ ಬರ್ತೀನಿ. ತೆಗೆಸೋಣ. ಆದ್ರೆ ಒಳಗೆ ಚಿಲಕ ಇರೋ ಜಾಗ ಬೇಡ. ಗೋಡೆ ಕುರ್ಚಿ ಇರೋ ಜಾಗ ಬೇಡ.”

ಅವನು ಹೋದ. ಮತ್ತೆ ಬರುತ್ತಾನೆ ಎಂಬ ನಂಬಿಕೆ ಅವಳಿಗಿರಲಿಲ್ಲ. ಯಾರ ಮೇಲೂ ಬೇಗ ನಂಬಿಕೆ ಇಡುವ ಕಾಲ ಅವಳ ಪಾಲಿಗೆ ಮುಗಿದಿತ್ತು. ಒಳಗೆ ಮೇಸ್ತ್ರಿ ಬೈಯುತ್ತಿದ್ದ. ಇಸ್ತ್ರಿಯಜ್ಜಿ ಅವನಿಗೆ ಬೆನ್ನು ಹಾಕಿ, ಕಿವಿ ಕೇಳದವಳಂತೆ, ಗುಬ್ಬಿಯನ್ನು ಬಟ್ಟೆಯ ಗಂಟುಗಳ ಹಿಂದೆ ಅಡಗಿಸುತ್ತಿದ್ದಳು.

ಸಂಜೆ ಮನೆಗೆ ಬಂದು ಬಿಳಿಯಕ್ಕ ಬಾಚಣಿಗೆ ಕೈಗೆತ್ತಿಕೊಂಡಳು. ಗುಬ್ಬಿಯ ತಲೆ ಇನ್ನೂ ಗೂಡಿನ ಹಾಗೇ ಇತ್ತು. ಬಾಗಿಲ ಬಳಿಯೇ ನಿಂತು ಕೇಳಿದಳು.

“ಬಾಚಲಾ?”

ಗುಬ್ಬಿ ಬಾಚಣಿಗೆ ನೋಡಿದಳು. ಅಮ್ಮನ ಬಿಳಿಚಿದ ಕೈ ನೋಡಿದಳು. ಕಣ್ಣು ಮುಚ್ಚಲಿಲ್ಲ. ಕೈ ಮೇಲೆತ್ತಲಿಲ್ಲ. ಯೋಚಿಸಿದಳು. ಬಿಳಿಯಕ್ಕ ಕಾದಳು. ಸೊಂಟ ಸಿಡಿಯುತ್ತಿತ್ತು, ಆದರೂ ನಿಂತೇ ಕಾದಳು.

“ಹೂಂ,” ಅಂದಳು ಗುಬ್ಬಿ. ತಾನಾಗಿಯೇ ತಿರುಗಿ ಕೂತಳು.